ಹದಿನೇಳು ಗಂಟೆಯ ದಾರಿ

ಒಂದೂರಿನಿಂದ ಇನ್ನೊಂದೂರಿಗೆ ಎಷ್ಟು ದೂರವೆಂದು ಕೇಳಿದರೆ ನಮ್ಮ ಹಿರಿಯರು ಹರದಾರಿಯಲ್ಲಿ ಹೇಳುತ್ತಿದ್ದರು, ಇಲ್ಲವೆ ಗಾವುದದಲ್ಲಿ ಹೇಳುತ್ತಿದ್ದರು. ಹರದಾರಿಯೆಂದರೆ ಸುಮಾರು 3 ಮೈಲಿ. ಅಂಥ ನಾಲ್ಕು ಹರದಾರಿ ಸೇರಿದರೆ ಒಂದು ಗಾವುದ. ಮೇಲ್ನೋಟಕ್ಕೆ ಇವು ನೆಲದ ಅಳತೆಗಳು. ವಿಚಾರಿಸಿ ನೋಡಿದರೆ ಕಾಲಿನ ಅಳತೆಗಳು. ಬುತ್ತಿ ಕಟ್ಟಿಕೊಂಡು ಮುಂಜಾನೆ ಹೊರಟವನು ಹೊತ್ತು ಮುಳುಗುವುದರೊಳಗಾಗಿ ಒಂದು ಗಾವುದ ನಡೆದು ಯಾವುದಾದರೊಂದು ಜಗಲಿಯ ಮೇಲೆ ಮೈಚೆಲ್ಲಬಹುದು. ಆದುದರಿಂದ ದೂರವೆಂಬುದು ಅವರಿಗೆ ನಡೆಯುವವನ ದಣಿವಿನಿಂದ ಬೇರೆಯಾದ ವಸ್ತುವಾಗಿರಲಿಲ್ಲ.

ಇಂದು ಅದೇ ಪ್ರಶ್ನೆಯನ್ನು ಕೇಳಿದರೆ ಗಂಟೆಗಳಲ್ಲಿ ಉತ್ತರ ಬರುತ್ತದೆ. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಎಷ್ಟು ದೂರ? ಹದಿನೇಳು ಗಂಟೆ. ಈ ಉತ್ತರ ಸುಳ್ಳಲ್ಲ. ಆದರೆ ಇದು ಪೂರ್ಣ ಸತ್ಯವೂ ಅಲ್ಲವೆಂಬುದನ್ನು, ಇದನ್ನು ಪೂರ್ಣ ಸತ್ಯವೆಂದು ನಂಬಿ ನಾವು ಒಬ್ಬರ ಮೇಲೊಬ್ಬರು ಹೊರಿಸುತ್ತಿರುವ ಅಪವಾದಗಳು ಎಷ್ಟರಮಟ್ಟಿಗೆ ನ್ಯಾಯವಾದವುಗಳೆಂಬುದನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡಬೇಕೆನಿಸಿದೆ. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರ ಮಕ್ಕಳೂ ಮೊಮ್ಮಕ್ಕಳೂ ಇಂದು ಆ ಪಶ್ಚಿಮ ತೀರದಲ್ಲಿ ನೆಲೆಸಿರುವುದರಿಂದ ಇದು ಅವರಿವರ ಮನೆಯ ವಿಷಯವಾಗಿ ಉಳಿದಿಲ್ಲ.

ಮೊದಲು ದಾರಿಯ ಸಂಗತಿಯನ್ನು ತಿಳಿದುಕೊಳ್ಳೋಣ. ಈ ಎರಡು ನಗರಗಳ ನಡುವಣ ಅತಿ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರು. ಭೂಮಧ್ಯರೇಖೆಯ ಗುಂಟ ಭೂಮಿಯ ಸುತ್ತಳತೆ 40,075 ಕಿಲೋಮೀಟರು ಎಂಬುದನ್ನು ನೆನೆದರೆ, ಇದು ಭೂಮಿಯ ಸುತ್ತಿನಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲು. ಶಾಲೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಈ ಎರಡು ಊರುಗಳ ನಡುವೆ ಅಡಿಪಟ್ಟಿಯಿಟ್ಟು ಪೂರ್ವಾಭಿಮುಖವಾಗಿ ಗೆರೆಯೆಳೆದರೆ ಅದು ಪೆಸಿಫಿಕ್ ಮಹಾಸಾಗರವನ್ನು ಅಡ್ಡಹಾಯ್ದು ಹೋಗುತ್ತದೆ. ಆ ಗೆರೆಯ ಗುಂಟ ಹೋದರೆ ದಾರಿ ಸುಮಾರು 16,000 ಕಿಲೋಮೀಟರಾಗುತ್ತದೆ. ಕಾಗದದ ಮೇಲೆ ನೆಟ್ಟಗೆ ಕಾಣುವ ದಾರಿ ಗೋಲದ ಮೇಲೆ ಬಳಸುದಾರಿ. ಒಂದು ಗೋಲದ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಉತ್ತರಕ್ಕೆ ಬಾಗಿ, 71 ಡಿಗ್ರಿ ಅಕ್ಷಾಂಶದವರೆಗೆ ಏರಿ ಮತ್ತೆ ಕೆಳಗಿಳಿಯುವುದನ್ನು ಮಕ್ಕಳೂ ನೋಡಬಹುದು. ಇನ್ನೂ ಮೇಲಕ್ಕೆ ಹೋಗಿ ಉತ್ತರಧ್ರುವವನ್ನೇ ದಾಟಿ ಬಂದರೂ ಹೆಚ್ಚಾಗುವುದು ನಾನೂರು ಕಿಲೋಮೀಟರಿನೊಳಗೆ. ಗಾಳಿ ಅನುಕೂಲವಾಗಿದ್ದರೆ ಆ ಹೆಚ್ಚಳವನ್ನು ವಿಮಾನ ಲೆಕ್ಕಿಸುವುದಿಲ್ಲ.

ಹಾಗೆಯೇ ಆಯಿತು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ಉತ್ತರಧ್ರುವದ ಮೇಲೆ ಹಾರಿ, ಜನವರಿ 11ರ ಬೆಳಗಿನ ಜಾವ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ನಡುವೆ ಎಲ್ಲಿಯೂ ನೆಲ ಮುಟ್ಟಲಿಲ್ಲ. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್ಟರೆಂಬುದು ಆಗ ಪತ್ರಿಕೆಗಳಲ್ಲೆಲ್ಲ ಬಂದ ಸಂಗತಿ. ಆ ಚಳಿಗಾಲದಲ್ಲಿ ಧ್ರುವಪ್ರದೇಶಕ್ಕೆ ಹಗಲೇ ಇಲ್ಲ. ಮೇಲಿನ ಶೀತದಲ್ಲಿ ಇಂಧನವು ಹೆಪ್ಪುಗಟ್ಟದಂತೆ ಕಣ್ಣಿಟ್ಟಿರಬೇಕು. ಕಾಂತಸೂಜಿಯನ್ನು ಅಲ್ಲಿ ನೆಚ್ಚುವಂತಿಲ್ಲ. ಕೇಡೊದಗಿದರೆ ಇಳಿಯಲು ನಿಲ್ದಾಣಗಳು ವಿರಳ. ಧ್ರುವದ ಬಿಂದುವಿನಲ್ಲಿ ಪೂರ್ವವಿಲ್ಲ, ಪಶ್ಚಿಮವಿಲ್ಲ, ಎಲ್ಲ ದಿಕ್ಕೂ ದಕ್ಷಿಣವೇ; ಎಲ್ಲ ದೇಶಗಳ ರೇಖಾಂಶಗಳೂ ಅಲ್ಲಿ ಕೂಡುವುದರಿಂದ ಅದಕ್ಕೆ ತನ್ನದೆಂಬ ಹೊತ್ತೂ ಇಲ್ಲ. ಆ ವಿಮಾನದಲ್ಲಿ ಕುಳಿತವರಿಗೆ ಜನವರಿ 10 ಎಂಬ ದಿನವು ಯಾವ ಊರಿನಲ್ಲಿಯೂ ಕಳೆಯದೆ ಆಕಾಶದಲ್ಲಿಯೇ ಕರಗಿಹೋಯಿತು. ಇಂಥದನ್ನು ಪುರಾಣದಲ್ಲಿ ಓದಿದ್ದರೆ ನಾವು ಕವಿಯ ಅತಿಶಯೋಕ್ತಿಯೆನ್ನುತ್ತಿದ್ದೆವು.

ಈ ಸಾಧನೆಯನ್ನು ಕಡೆಗಣಿಸುವವನು ನಾನಲ್ಲ. ದಿನಕ್ಕೊಂದು ಗಾವುದದಂತೆ ನಡೆದರೆ 14,000 ಕಿಲೋಮೀಟರಿಗೆ ಸುಮಾರು ಎರಡು ವರ್ಷ ಬೇಕು, ಅದೂ ನಡುವೆ ಕಡಲಿಲ್ಲದಿದ್ದರೆ. 1869ರಲ್ಲಿ ಸುಯೆಜ್ ಕಾಲುವೆ ತೆರೆದು ದಾರಿ ಮೊಟಕಾದ ಮೇಲೂ ಮುಂಬಯಿಯಿಂದ ಲಂಡನ್ನಿಗೆ ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕಾಗಿತ್ತು. 1948ರ ಜೂನ್ 8ರಂದು ಮುಂಬಯಿಯಿಂದ ಕೈರೊ, ಜಿನೀವಾಗಳಲ್ಲಿ ಇಳಿಯುತ್ತ ಲಂಡನ್ನಿಗೆ ಹೊರಟ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ವಿಮಾನವನ್ನು ಕಂಡವರು ಇನ್ನು ಜಗತ್ತು ಅಂಗೈಯಲ್ಲಿ ಬಂತೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ವೇಗವು ಮನುಷ್ಯನಿಗೆ ದೊರೆತ ಒಂದು ಶಕ್ತಿ. ಆದರೆ ಪ್ರತಿಯೊಂದು ಹೊಸ ಶಕ್ತಿಯ ಬೆನ್ನಿಗೆ ಒಂದು ಹೊಸ ಹೊಣೆಯೂ ಬರುತ್ತದೆ. ಆ ಹೊಣೆ ಯಾರದು, ಎಷ್ಟು ಎಂಬುದನ್ನು ತೀರ್ಮಾನಿಸುವ ಮೊದಲೇ ನಾವು ಅದನ್ನು ವಸೂಲು ಮಾಡಲು ನಿಲ್ಲುತ್ತೇವೆ.

ನನಗೆ ಈ ಜಿಜ್ಞಾಸೆ ಹುಟ್ಟಿದ್ದು ನಮ್ಮ ಊರಿನಲ್ಲಿಯೇ ನಡೆದ ಒಂದು ಪ್ರಸಂಗದಿಂದ. 2023ರ ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ 6 ಗಂಟೆಗೆ ನಮ್ಮ ಓಣಿಯ ಹಿರಿಯರೊಬ್ಬರು ಲಿಂಗೈಕ್ಯರಾದರು. ಅವರೂ ನಾನೂ ಒಂದೇ ಪ್ರಸಾದನಿಲಯದಲ್ಲಿ ಓದಿದವರು. ಅವರ ಒಬ್ಬನೇ ಮಗ ಸ್ಯಾನ್ ಫ್ರಾನ್ಸಿಸ್ಕೊದ ಬಳಿ ಉದ್ಯೋಗದಲ್ಲಿದ್ದ. ಸುದ್ದಿ ಅವನಿಗೆ ಆ ಕ್ಷಣವೇ ಮುಟ್ಟಿತು. ಮಗ ಬರುವವರೆಗೆ ಕಾಯಬೇಕೆಂದು ಕೆಲವರೂ, ಅಂದು ಸಂಜೆಯೇ ಸಮಾಧಿ ಮಾಡಬೇಕೆಂದು ಕೆಲವರೂ ಹೇಳಿದರು. ಜಗಲಿಯ ಮೇಲೆ ಕುಳಿತಿದ್ದ ಹುಡುಗನೊಬ್ಬ ಮೊಬೈಲು ನೋಡಿ, ‘‘ಹದಿನೇಳೇ ತಾಸು, ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನಲ್ಲಿ ಇರ್ತಾನೆ’’ ಎಂದ. ಆ ಒಂದು ಮಾತು ನೆರೆದವರ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತು. ತಾಲ್ಲೂಕು ಸ್ಥಳದಿಂದ ಮಂಜಿನ ಪೆಟ್ಟಿಗೆಯನ್ನು ತರಿಸಲಾಯಿತು. ಕುಳ್ಳಿರಿಸಿ ಸಮಾಧಿ ಮಾಡುವ ನಮ್ಮಲ್ಲಿ ಈ ಕಾಯುವಿಕೆಗೆ ಇನ್ನೊಂದು ತೊಡಕುಂಟೆಂಬುದು ಬಲ್ಲವರಿಗೆ ಗೊತ್ತು. ದೇಹವನ್ನು ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಮತ್ತೆ ಕುಳ್ಳಿರಿಸುವುದು ಸುಲಭವಲ್ಲ. ಆ ಮಾತನ್ನು ಆಡಿದ ಅಯ್ಯನವರನ್ನು ಯಾರೂ ಕಿವಿಗೊಟ್ಟು ಕೇಳಲಿಲ್ಲ.

ಸೋಮವಾರ ಬೆಳಗಾಯಿತು, ಮಗ ಬರಲಿಲ್ಲ. ‘‘ಹದಿನೇಳು ತಾಸಿನ ದಾರಿ, ಇಪ್ಪತ್ತೈದು ತಾಸಾಯಿತು. ಮನಸ್ಸಿದ್ದರೆ ಬರುತ್ತಿರಲಿಲ್ಲವೇ?’’ ಎಂದು ಪಿಸುಮಾತು ಆರಂಭವಾಯಿತು. ಮೊದಲು ಹೆಂಗಸರ ನಡುವೆ, ಆಮೇಲೆ ಗಂಡಸರ ನಡುವೆ. ನಾನು ಅಲ್ಲಿಯೇ ಇದ್ದೆ. ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡೆನೆಂಬುದನ್ನು ಮುಚ್ಚಿಡುವುದಿಲ್ಲ.

ನಡೆದದ್ದು ಬೇರೆ. ನೇರವಾಗಿ ಬರುವ ವಿಮಾನ ಆ ದಿನ ಇರಲಿಲ್ಲ. ಸಿಕ್ಕಿದ ಮೊದಲ ಟಿಕೇಟು ಅಲ್ಲಿಯ ಭಾನುವಾರ ಬೆಳಿಗ್ಗೆ ಏಳೂವರೆಯದು, ಎಂದರೆ ನಮಗೆ ಭಾನುವಾರ ರಾತ್ರಿ ಒಂಬತ್ತು. ನಡುವೆ ಒಂದು ಊರಿನಲ್ಲಿ ಇಳಿದು, ಕಾದು, ಬೇರೆ ವಿಮಾನ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಮತ್ತೆ ಒಂದು ಹಗಲು ಒಂದು ರಾತ್ರಿಯಷ್ಟು ಕಾಲ. ಅಲ್ಲಿಂದ ನಮ್ಮ ಊರಿಗೆ ರಸ್ತೆಯಲ್ಲಿ 8 ಗಂಟೆ. ಅವನು ಮನೆಯ ಹೊಸ್ತಿಲು ತುಳಿದಾಗ ಮಂಗಳವಾರ ಬೆಳಗಿನ 5 ಗಂಟೆ. ತಂದೆ ತೀರಿಕೊಂಡು 47 ಗಂಟೆಗಳಾಗಿದ್ದವು. ಹದಿನೇಳು ಎಂಬುದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದು ವಿಮಾನ ನಿಲ್ದಾಣಕ್ಕೆ ಇರುವ ದೂರ. ಮನೆಯಿಂದ ಮನೆಗೆ ಇರುವ ದೂರವನ್ನು ಯಾವ ವೇಳಾಪಟ್ಟಿಯೂ ಅಚ್ಚುಹಾಕುವುದಿಲ್ಲ.

ಅವನು ಬರುವುದರೊಳಗೆ ಸೋಮವಾರ ಹೊತ್ತು ಮುಳುಗುವ ಮುನ್ನ ಸಮಾಧಿಯಾಗಿತ್ತು. ಹಾಗೆ ನಿರ್ಧರಿಸಿದವರು ಊರಿನ ಹಿರಿಯರಲ್ಲ, ಅವನ ತಾಯಿ. ‘‘ಅವನು ಹ್ಯಾಂಗೂ ದಾರಿಯಲ್ಲಿದ್ದಾನೆ. ಇವರನ್ನೂ ಯಾಕೆ ದಾರಿಯಲ್ಲಿ ನಿಲ್ಲಿಸುತ್ತೀರಿ?’’ ಎಂದಷ್ಟೇ ಅಂದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನದೇ ಒಂದು ಹಳೆಯ ಸಂಗತಿ ನೆನಪಾಯಿತು. 1969ರಲ್ಲಿ ನಾನು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆ. ನಮ್ಮ ಊರು ಅಲ್ಲಿಂದ 40 ಮೈಲಿ. ಒಂದು ಸೋಮವಾರ ಬೆಳಗಿನ ಜಾವ ಐದರ ಸುಮಾರಿಗೆ ನಮ್ಮ ತಂದೆ ತೀರಿಕೊಂಡರು. ತಂತಿ ಕಚೇರಿಯಿದ್ದ ಊರಿಗೆ ಒಬ್ಬ ಆಳು ನಡೆದು ಹೋಗಬೇಕಾಗಿತ್ತು. ತಂತಿ ನನ್ನ ಕೈಸೇರಿದ್ದು ಮಂಗಳವಾರ ಮಧ್ಯಾಹ್ನ. ನಮ್ಮ ಕಡೆಗಿದ್ದ ಒಂದೇ ಬಸ್ಸು ಬೆಳಿಗ್ಗೆ ಹೋಗಿಯಾಗಿತ್ತು. ನಿಲಯದ ಮೇಲ್ವಿಚಾರಕರು ಆ ರಾತ್ರಿ ನನ್ನನ್ನು ತಮ್ಮ ಕೋಣೆಯಲ್ಲಿಯೇ ಮಲಗಿಸಿಕೊಂಡು, ಬುಧವಾರ ಬೆಳಿಗ್ಗೆ ಬಸ್ಸಿನ ಹಣ ಕೊಟ್ಟು, ಜೊತೆಗೆ ದೊಡ್ಡ ಹುಡುಗನೊಬ್ಬನನ್ನು ಕಳಿಸಿದರು. ಬಸ್ಸಿಳಿದು 5 ಮೈಲಿ ನಡೆದು ಮನೆ ಸೇರಿದಾಗ ಬುಧವಾರ ನಡುಹಗಲು. ಸಮಾಧಿಯ ಮೇಲಿನ ಮಣ್ಣು ಎರಡು ದಿನದ ಬಿಸಿಲಿಗೆ ಒಣಗಿ ಬಿಳಿಚಿಕೊಂಡಿತ್ತು. ಲೆಕ್ಕ ಮಾಡಿದರೆ 55 ಗಂಟೆ.

40 ಮೈಲಿ ದೂರದಲ್ಲಿದ್ದ ನನಗೆ 55 ಗಂಟೆ. 14,000 ಕಿಲೋಮೀಟರು ದೂರದಲ್ಲಿದ್ದ ಅವನಿಗೆ 47 ಗಂಟೆ. ನನ್ನನ್ನು ಕಂಡವರೆಲ್ಲ ‘‘ಪಾಪ, ಕೂಸಿಗೆ ಮುಖ ಸಿಗಲಿಲ್ಲ’’ ಎಂದು ಕಣ್ಣೊರೆಸಿಕೊಂಡರು. ಅವನನ್ನು ಕಂಡವರು ಕಣ್ಣು ತಪ್ಪಿಸಿದರು. ನಾನು ಚಿಕ್ಕವನು, ಅವನು ದುಡಿಯುವ ಗಂಡಸು ಎಂಬ ಭೇದವೇನೋ ಉಂಟು. ಆದರೆ ಅಷ್ಟರಿಂದಲೇ ಈ ಅಂತರ ತುಂಬುವುದಿಲ್ಲ. ನನ್ನ ಪಾಲಿಗೆ ‘ಇಷ್ಟೇ ಗಂಟೆಯ ದಾರಿ’ ಎಂದು ಹೇಳಿ ಹೊಣೆ ಹೊರಿಸುವ ಅಂಕಿಯೊಂದು ಇರಲಿಲ್ಲ. ಅವನ ಪಾಲಿಗೆ ಇತ್ತು.

ಶಕ್ಯವಲ್ಲದ್ದು ಯಾರಿಗೂ ಕರ್ತವ್ಯವಾಗಲಾರದೆಂಬುದು ನೀತಿಶಾಸ್ತ್ರದ ಹಳೆಯ ಮಾತು. ಹಡಗಿನ ಕಾಲದಲ್ಲಿ ಸಾಗರದಾಚೆಯ ಮಗನು ತಂದೆಯ ಅಂತ್ಯಕ್ಕೆ ಬರಬೇಕೆಂದು ಯಾರೂ ನಿರೀಕ್ಷಿಸಲಿಲ್ಲ. ಪತ್ರ ಮುಟ್ಟುವಷ್ಟರಲ್ಲಿ ತಿಂಗಳ ಮಾಸಿಕವೇ ಆಗಿಹೋಗುತ್ತಿತ್ತು. ಈಗ ಬರುವುದು ಶಕ್ಯವಾಗಿದೆ. ಶಕ್ಯವಾದೊಡನೆಯೇ ಅದು ಕರ್ತವ್ಯವಾಗಿಬಿಟ್ಟಿತೆ? ಇಲ್ಲಿ ಎರಡು ತಪ್ಪುಗಳನ್ನು ನಾವು ಅರಿಯದೆ ಮಾಡುತ್ತೇವೆ. ಯಂತ್ರಕ್ಕೆ ಶಕ್ಯವಾದುದನ್ನು ಮನುಷ್ಯನಿಗೆ ಶಕ್ಯವೆಂದೆಣಿಸುವುದು ಒಂದು. ವಿಮಾನವು 17 ಗಂಟೆಯಲ್ಲಿ ಬರಬಲ್ಲುದು, ನಿಜ. ಆದರೆ ಅದರಲ್ಲಿ ಒಂದು ಆಸನ ಖಾಲಿಯಿರಬೇಕು. ಅವಸರದ ಟಿಕೇಟಿಗೆ ತೆರುವ ಹಣವಿರಬೇಕು. ಒಡೆಯನು ರಜೆ ಕೊಡಬೇಕು. ಅಮೆರಿಕದಲ್ಲಿ ನೆಲೆಸಲು ಹಾಕಿದ ಕೆಲವು ಬಗೆಯ ಅರ್ಜಿಗಳು ವಿಚಾರಣೆಯಲ್ಲಿರುವಾಗ ಮುಂಗಡ ಅನುಮತಿಯಿಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆಯೇ ಎಣಿಸಲಾಗುತ್ತದೆ. ಹತ್ತು ವರ್ಷ ಕಾದುದನ್ನೆಲ್ಲ ಒಂದು ರಾತ್ರಿಯಲ್ಲಿ ಕಳೆದುಕೊಂಡು ಬರಬೇಕೆ ಎಂದು ಯೋಚಿಸಿ ನಿಂತವರನ್ನು ನಾನು ಬಲ್ಲೆ. ಅಂಥವರನ್ನು ನಿಷ್ಕರುಣಿಗಳೆನ್ನುವುದು ಸುಲಭ, ಏಕೆಂದರೆ ಆಡುವವನಿಗೆ ಅದರಲ್ಲಿ ಖರ್ಚಿಲ್ಲ. 2020ರ ಮಾರ್ಚ್ 23ರಿಂದ 2022ರ ಮಾರ್ಚ್ 26ರವರೆಗೆ ನಮ್ಮ ದೇಶಕ್ಕೆ ನಿಗದಿತ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳೇ ನಿಂತಿದ್ದವು. ವಿಶೇಷ ಅನುಮತಿಯ ವಿಮಾನಗಳಷ್ಟೇ ಹಾರುತ್ತಿದ್ದವು. ಆ ಎರಡು ವರ್ಷ ಭೂಗೋಲವೇನೂ ಹಿಗ್ಗಿರಲಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಶಕ್ಯವಲ್ಲದ್ದು ಕರ್ತವ್ಯವಲ್ಲ ಎಂಬುದರಿಂದ ಶಕ್ಯವಾದುದೆಲ್ಲ ಕರ್ತವ್ಯ ಎಂಬ ಮಾತು ಹೊರಡುವುದಿಲ್ಲ. ಕೈಯಲ್ಲಿ ಹಣವಿದ್ದವನು ಕೇಳಿದವರಿಗೆಲ್ಲ ಕೊಡಲೇಬೇಕೆಂದು ಯಾರೂ ವಿಧಿಸರು. ಕೊಡುವ ಶಕ್ತಿಯ ಜೊತೆಗೆ ಬೇಡುವವನ ಅವಶ್ಯಕತೆಯನ್ನೂ ನೋಡುತ್ತಾರೆ. ಮಗನು ಬಂದು ಮುಖ ನೋಡುವುದು ಯಾರ ಅವಶ್ಯಕತೆ? ತೀರಿಕೊಂಡವರದಂತೂ ಅಲ್ಲ. ಮಗನದೂ ತಾಯಿಯದೂ ಆಗಿರಬಹುದು. ಜಗಲಿಯ ಮೇಲೆ ಕುಳಿತವರದು ಖಂಡಿತವಾಗಿಯೂ ಅಲ್ಲ. ಆದರೆ ಆ ದಿನ ಗಂಟೆಗಳನ್ನು ಎಣಿಸುತ್ತಿದ್ದವರು ಜಗಲಿಯವರೇ, ತಾಯಿ ಎಣಿಸಲಿಲ್ಲ.

ಇಷ್ಟು ಹೇಳಿದೆನೆಂದು ಮಗನ ಪರವಾಗಿ ವಕೀಲಿ ಮಾಡುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಅವನಲ್ಲಿ ತಪ್ಪಿಲ್ಲವೆಂದು ನಾನು ಹೇಳಲಾರೆ. ಆ ತಪ್ಪು ಆ 47 ಗಂಟೆಗಳಲ್ಲಿ ಇಲ್ಲವೆನ್ನುತ್ತೇನೆ. ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲಿ ಅವನು ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಮೊದಲ ಎರಡು ವರ್ಷ ರೋಗದ ಹಾವಳಿಯೆನ್ನೋಣ. ಆಮೇಲೆ? ಕೇಳಿದಾಗಲೆಲ್ಲ ಅವನು ತಂದೆಗೆ ಹೇಳುತ್ತಿದ್ದ ಮಾತು ಒಂದೇ: ‘‘ಹದಿನೇಳು ತಾಸಿನ ದಾರಿ ಅಪ್ಪ, ಬೇಕೆಂದಾಗ ಬರುತ್ತೇನೆ.’’ ಈ ಮಾತನ್ನು ತಂದೆಯೇ ನನ್ನ ಮುಂದೆ ಹಲವು ಸಲ ಆಡಿದ್ದರು, ಹೆಮ್ಮೆಯಿಂದಲೇ. ವೇಗದ ಅಪಾಯವಿರುವುದು ಇಲ್ಲಿ. ಬರಬಹುದೆಂಬ ಭರವಸೆಯು ಬರುವುದರ ಸ್ಥಾನದಲ್ಲಿ ಕುಳಿತುಬಿಡುತ್ತದೆ. ಹಡಗು ಹತ್ತುತ್ತಿದ್ದವನು ಇದು ಕಡೆಯ ಭೇಟಿಯಾಗಬಹುದೆಂದು ತಿಳಿದು, ಪಾದಕ್ಕೆರಗಿ, ಆಡಬೇಕಾದ ಮಾತನ್ನೆಲ್ಲ ಆಡಿ ಹೋಗುತ್ತಿದ್ದ. ವಿಮಾನ ಹತ್ತುವವನು ಕೈಬೀಸಿ ಹೋಗುತ್ತಾನೆ. ದೂರವು ನಿಜವಾಗಿಯೂ ದೂರವಾಗಿದ್ದಾಗ ಜನರು ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಳ್ಳುತ್ತಿದ್ದರು. ಅದು ಹತ್ತಿರವೆಂದು ಕಾಣತೊಡಗಿದ ಮೇಲೆ ಏರ್ಪಾಡು ತಪ್ಪಿತು.

ಈ ತಪ್ಪಿನಲ್ಲಿ ತಂದೆತಾಯಿಗಳಿಗೂ ಪಾಲುಂಟು. ‘‘ಸುಮ್ಮನೆ ಯಾಕೆ ಖರ್ಚು, ದಿನಾಲು ಮೊಬೈಲಿನಲ್ಲಿ ಮುಖ ನೋಡುತ್ತೇವಲ್ಲ’’ ಎಂದು ಅವರೇ ತಡೆಯುತ್ತಾರೆ. ಮೊಬೈಲಿನ ವಿಷಯಕ್ಕೆ ಒಂದು ಮಾತು. ದಿನಕ್ಕೆ ಎರಡು ಸಲ ಮುಖ ಕಾಣುವುದು ನಮ್ಮ ಹಿರಿಯರಿಗೆ ಎಟುಕದ ಭಾಗ್ಯವೇ ಸರಿ. ಸೋಮವಾರದ ಸಮಾಧಿಯನ್ನೂ ಆ ಮಗ ನಡುದಾರಿಯ ವಿಮಾನ ನಿಲ್ದಾಣದಲ್ಲಿ ಕುಳಿತು, ತಮ್ಮನ ವರಸೆಯ ಹುಡುಗ ಹಿಡಿದಿದ್ದ ಮೊಬೈಲಿನಲ್ಲಿ ಸ್ವಲ್ಪ ಹೊತ್ತು ನೋಡಿದನಂತೆ. ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ಚಿತ್ರ ನಿಂತುಹೋಯಿತೆಂದು ಹೇಳಿದ. ಕಾಣುವುದೂ ಇರುವುದೂ ಒಂದೇ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ತಿಳಿಯದು. ನೋವಿನಲ್ಲಿರುವವನ ತಲೆಯೆತ್ತಿ ನೀರು ಕುಡಿಸಬೇಕಾದಾಗ ಮುಖದಿಂದ ಪ್ರಯೋಜನವಿಲ್ಲ, ಕೈ ಬೇಕು. ಆ ಹಿರಿಯರ ಕಡೆಯ ಆರು ತಿಂಗಳು ಆ ಕೈ ಎದುರು ಮನೆಯ ಸೊಸೆಯದಾಗಿತ್ತು. ಅವಳಿಗೂ ಅವರಿಗೂ ನಡುವೆ ಇದ್ದ ದೂರ ಹನ್ನೆರಡು ಮಾರು. ಇನ್ನು ಅದೇ ಊರಿನಲ್ಲಿದ್ದ ತಮ್ಮಂದಿರು ಎಷ್ಟು ಸಲ ಬಂದಿದ್ದರೆಂಬುದನ್ನು ಇಲ್ಲಿ ಬರೆಯುವುದು ಸೌಜನ್ಯವಲ್ಲ.

ಮಂಗಳವಾರ ಬೆಳಗಿನಲ್ಲಿ ನಾನು ಅವನನ್ನು ಸಮಾಧಿಯ ಬಳಿಗೆ ಕರೆದುಕೊಂಡು ಹೋದೆ. ಬಹಳ ಹೊತ್ತು ಕುಳಿತಿದ್ದ. ಕೈಗಡಿಯಾರವನ್ನು ಇನ್ನೂ ತಿರುಗಿಸಿರಲಿಲ್ಲ. ಅದರಲ್ಲಿ ಸೋಮವಾರ ಸಂಜೆಯಾಗಿತ್ತು. ‘‘ನನಗೆ ಫೋನು ಬಂದಾಗ ಶನಿವಾರ ಸಂಜೆ ನಾಲ್ಕೂವರೆ. ಅಂಗಡಿಯಲ್ಲಿ ಹಾಲು ಕೊಳ್ಳುತ್ತಿದ್ದೆ. ಅಪ್ಪ ಶನಿವಾರ ಹೋದರೆಂದೇ ನನಗೆ ಯಾವಾಗಲೂ ಅನಿಸುತ್ತದೆ. ವರ್ಷದ ಸ್ಮರಣೆ ಮಾಡುವಾಗ ಯಾವ ದಿನ ಹಿಡಿಯಲಿ?’’ ಎಂದು ಕೇಳಿದ. ಎರಡು ಊರುಗಳ ನಡುವೆ ಹದಿಮೂರೂವರೆ ಗಂಟೆಯ ಅಂತರವಿರುವಾಗ ಒಂದೇ ಸಾವು ಎರಡು ದಿನಗಳಲ್ಲಿ ಆಗುತ್ತದೆಂಬುದು ಅದುವರೆಗೆ ನನಗೆ ಹೊಳೆದಿರಲಿಲ್ಲ. ತಾಯಿಯನ್ನು ಕೇಳೆಂದೆ. ತಾಯಿ ತಿಥಿಯನ್ನೂ ಹೇಳಲಿಲ್ಲ, ವಾರವನ್ನೂ ಹೇಳಲಿಲ್ಲ. ‘‘ನಿನಗೆ ಯಾವಾಗ ಗೊತ್ತಾಯಿತೋ ಅಂದೇ ಮಾಡು. ನಾನು ನನಗೆ ಗೊತ್ತಾದ ದಿನ ಮಾಡುತ್ತೇನೆ’’ ಎಂದರು. ಅದು ಸರಿಯೋ ತಪ್ಪೋ ಎಂದು ಶಾಸ್ತ್ರ ಬಲ್ಲವರು ಹೇಳಲಿ. ಆ ಮನೆಯಲ್ಲಿ ಹಾಗೆಯೇ ನಡೆದು ಬಂದಿದೆ.

ಅವನು ಹನ್ನೆರಡು ದಿನ ಇದ್ದ. ಎದುರು ಮನೆಗೆ ಹೋಗಿ ಆ ಸೊಸೆಯ ಮುಂದೆ ಕೈಮುಗಿದು ನಿಂತನಂತೆ. ಅವಳು ಏನು ಹೇಳಬೇಕೆಂದು ತಿಳಿಯದೆ ಒಳಗೆ ಹೋಗಿ ಚಹಾ ಮಾಡಿ ತಂದಳಂತೆ. ಜಗಲಿಯವರು ಅಷ್ಟರಲ್ಲಿ ಬೇರೆ ಸುದ್ದಿ ಹಿಡಿದಿದ್ದರು. ಹಿಂದಿರುಗುವಾಗ ನೇರ ವಿಮಾನದಲ್ಲಿ ಅವನಿಗೆ ಸ್ಥಳ ಸಿಕ್ಕಿತು. ಮುಂದಿನ ಬೇಸಿಗೆಯ ರಜೆಗೆ ಮಕ್ಕಳನ್ನೂ ಕರೆದುಕೊಂಡು ಬರುವ ಟಿಕೇಟನ್ನು ಇಲ್ಲಿಂದಲೇ ಕೊಂಡು, ಅದರ ಕಾಗದವನ್ನು ತಾಯಿಯ ಪೆಟ್ಟಿಗೆಯಲ್ಲಿಟ್ಟ.

ಹೊರಡುವ ಹೊತ್ತಿಗೆ ತಾಯಿ, ಯಾವಾಗ ಮುಟ್ಟುತ್ತೀ ಎಂದು ಕೇಳಿದರು. ಅವನು ಲೆಕ್ಕ ಹೇಳಿದ: ಬೆಂಗಳೂರಿನಿಂದ ನಾಳೆ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ, ಅಲ್ಲಿ ನಾಳೆಯೇ ಸಂಜೆ ನಾಲ್ಕೂವರೆ. ಮುದುಕಿ ಸ್ವಲ್ಪ ಹೊತ್ತು ಯೋಚಿಸಿ, ‘‘ಹಾಂಗಾದರೆ ರಾತ್ರಿ ಊಟಕ್ಕೆ ಮನೆಗೇ ಹೋಗುತ್ತಿ’’ ಎಂದರು. ಆಮೇಲೆ ಒಳಗೆ ಹೋಗಿ, ಎರಡು ದಿನಕ್ಕೆ ಸಾಲುವಷ್ಟು ಕಟಕ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಬಿಳಿಯ ಅರಿವೆಯಲ್ಲಿ ಕಟ್ಟಿ ತಂದರು. ಇಷ್ಟು ಯಾಕವ್ವ ಎಂದು ಅವನು ಕೇಳಲಿಲ್ಲ. ಚೀಲದಲ್ಲಿ ಮೇಲೆಯೇ ಇಟ್ಟುಕೊಂಡ.